ತೊಗರಿ ಕಾಳಿನ ಜೋಗ

ನನಗೆ ಆಗ ಆಧಾರ್ ಕಾರ್ಡಿನ ಪ್ರಕಾರ ಐವತ್ತೆಂಟು. ನಮ್ಮವ್ವ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ಅದಕ್ಕೂ ನಾಲ್ಕೈದು ವರ್ಷ ಮೊದಲು. ಕಾರ್ಡು ಮಾಡಿಸಲು ಹೋದ ದಿನ ಅಲ್ಲಿ ಕೂತಿದ್ದವನು ನನ್ನ ಮುಖ ನೋಡಿ ಒಂದು ಇಸವಿ ಬರೆದ, ಅದೇ ಗಟ್ಟಿಯಾಯಿತು. ಇದು ಎರಡು ವರ್ಷದ ಹಿಂದಿನ ಮಾತು, ದಸರಾ ರಜೆಯ ಹೊತ್ತಿನದು. ಆಗ ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ಅಕ್ಕೋರು ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು.

ಅಕ್ಕೋರು ತೀರಿಕೊಂಡು ಒಂದು ತಿಂಗಳಾಯಿತು. ಶಾಲೆಯಲ್ಲಿ ನುಡಿನಮನ ಇಟ್ಟಿದ್ದರು. ನನ್ನನ್ನೂ ಕರೆದರು. ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ನನ್ನಂಥವಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮೊದಲು ಎದ್ದವರು ಹೇಳಿದರು: ಊರವರೆಲ್ಲ ಮುಖ ತಿರುವಿಕೊಂಡಾಗ ಈ ತಾಯಿ ಈ ಬಡ ಹೆಣ್ಣುಮಗಳ ಕೈ ಅನ್ನವನ್ನು ಅಮೃತವೆಂದು ಸ್ವೀಕರಿಸಿದರು. ಹೇಳುತ್ತ ನನ್ನ ಕಡೆ ಕೈ ಮಾಡಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಎರಡನೆಯವರು ಎದ್ದು, ಅಷ್ಟೇ ಅಲ್ಲ, ತಮ್ಮ ಗಾಡಿಯಲ್ಲಿ ಕೂಡಿಸಿಕೊಂಡು ಹೋಗಿ ಈಕೆಗೆ ಜೋಗ ತೋರಿಸಿಕೊಂಡು ಬಂದರು, ಎಂದರು. ಮತ್ತೊಂದು ಚಪ್ಪಾಳೆ.

ನನ್ನ ಅನ್ನದಲ್ಲಿ ಏನು ವಿಷವಿತ್ತೇ, ಉಂಡವರಿಗೆ ಇಷ್ಟು ಶೂರತನದ ಹೆಸರು ಬರಲು? ಅಕ್ಕಿ ಸರ್ಕಾರದ್ದು, ಬೇಳೆ ಸರ್ಕಾರದ್ದು, ನೀರು ಊರಿನ ಬೋರಿನದು. ನನ್ನದು ಕೈ ಒಂದೇ. ಒಬ್ಬರು ಉಂಡರೆ ಅವರು ದೊಡ್ಡವರು ಎಂದಾದರೆ, ಉಣಿಸಿದವಳು ಏನು ಎಂದು ಯಾರಾದರೂ ಯೋಚನೆ ಮಾಡಿದರೋ ಇಲ್ಲವೋ. ಜೋಗದ ಮಾತಂತೂ ಪೂರಾ ಸುಳ್ಳು. ನನಗೆ ಜೋಗ ಯಾರೂ ತೋರಿಸಲಿಲ್ಲ. ನಾನು ನೋಡಿಕೊಂಡು ಬಂದೆ. ಅಕ್ಕೋರು ನೋಡಲಿಲ್ಲ. ಇಬ್ಬರೂ ಒಂದೇ ರಜೆಯಲ್ಲಿ ಊರು ಬಿಟ್ಟಿದ್ದೆವು, ಮಂದಿ ತಾವೇ ಜೋಡಿಸಿಕೊಂಡರು.

ಸಭೆ ಮುಗಿದ ಮೇಲೆ ಹೆಡ್‌ಮಾಸ್ತರರು ಹತ್ತಿರ ಬಂದರು.

"ನೀನೂ ನಾಕ್ ಛಲೋ ಮಾತು ಬರ್ದು ಕೊಡವಾ. ಅಕ್ಕೋರ ಮ್ಯಾಲ ಪುಸ್ತಕ ತರಾಕತ್ತೀವಿ."

"ಛಲೋನೇ ಇರಬೇಕೇನ್ರಿ?"

"ತೀರ್ಕೊಂಡೋರ ಮ್ಯಾಲ ಮತ್ತೇನ್ ಬರೀತಾರ?"

ಅದಕ್ಕೇ ಬರೆಯುತ್ತಿದ್ದೇನೆ. ಒತ್ತಕ್ಷರ ನನಗೆ ಸರಿ ಬರುವುದಿಲ್ಲ, ಮೊಮ್ಮಗಳು ತಿದ್ದಿ ಕೊಡುತ್ತಾಳೆ. ಒತ್ತಕ್ಷರ ತಿದ್ದು, ಸಿಟ್ಟು ತಿದ್ದಬೇಡ ಎಂದು ಹೇಳಿದ್ದೇನೆ.

ಅಕ್ಕೋರು ಶರಣರ ಊರು ಕಲ್ಯಾಣದವರು. ಕಿರಾಣಿ ವ್ಯಾಪಾರದ ಮನೆ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಹೆಗಲಿಗೆ ಒಂದು ಕಪ್ಪು ಚೀಲ. ದಿನಾ ಬಸ್ಸಿಗೆ ನಮ್ಮೂರಿಗೆ ಬಂದು ಹೋಗುತ್ತಿದ್ದರು. ಬಸ್ಸಿನಿಂದ ಇಳಿದವರು ಶಾಲೆಯ ಗೇಟು ಮುಟ್ಟುವುದರೊಳಗೆ ಇಬ್ಬರು ಮೂವರಿಗೆ ಬೈದಾಗಿರುತ್ತಿತ್ತು. ಮಗಳನ್ನು ಶಾಲೆ ಬಿಡಿಸಿ ತೊಗರಿ ಕೊಯ್ಲಿಗೆ ಕಳಿಸಿದವನಿಗೆ, ಗೇಟಿನ ಮುಂದೆ ಎಮ್ಮೆ ಕಟ್ಟಿದವನಿಗೆ, ಯಾರೂ ಸಿಗದಿದ್ದರೆ ಬಸ್ಸಿನವನಿಗೆ. ಸೆರಗಿನ ತುಂಬ ಸೀಮೆಸುಣ್ಣದ ಪುಡಿ. ಲೆಕ್ಕ ಪೂರಾ ಸರಿ ಮಾಡಿದ ಮಗುವಿಗೂ ಛಲೋ ಅದ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. "ಸರಿ ಅದ. ಸಾಕಾಗಿಲ್ಲ." ಇದೇ ಅವರ ಮಾತು. ಮಕ್ಕಳು ಅವರ ಬೆನ್ನ ಹಿಂದೆ ಅದನ್ನೇ ಅನ್ನುತ್ತ ಆಡುತ್ತಿದ್ದವು.

ನಾವು ಬೌದ್ಧರು. ನಮ್ಮ ಓಣಿ ಊರ ತುದಿಗೆ. ನನ್ನ ಹಣೆಗೆ ವಿಭೂತಿ ಎಂದೂ ಇರಲಿಲ್ಲ, ಗಂಡ ಹೋದ ಮೇಲೆ ಕುಂಕುಮವೂ ಇಲ್ಲ. ನನ್ನನ್ನು ಶಾಲೆಯ ಅಡುಗೆಗೆ ತೆಗೆದುಕೊಂಡ ಮೊದಲ ದಿನಗಳಲ್ಲಿ ಕೆಲವು ಮನೆಗಳಿಂದ ಮಕ್ಕಳು ಡಬ್ಬಿ ತಂದವು. ಕೆಲವು ಮನೆಗೇ ಓಡಿದವು. ಅನ್ನ ಪಾತೇಲಿಯಲ್ಲಿ ಹಾಗೇ ಉಳಿಯಿತು. ಅಕ್ಕೋರು ಒಂದು ದಿನ ತಟ್ಟೆ ಹಿಡಿದುಕೊಂಡು ಬಂದರು. ಅಡುಗೆ ಕೋಣೆಯ ಮುಂದೆ, ಗೇಟಿನಲ್ಲಿ ನಿಂತ ತಂದೆ ತಾಯಿಗಳಿಗೆ ಕಾಣುವ ಹಾಗೆ ನೆಲಕ್ಕೆ ಕೂತರು. ನಾನು ಬಡಿಸಿದೆ. ಕಲಸಿ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಎಲ್ಲರೂ ಅವರ ಬಾಯಿ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

"ಉಪ್ಪ ಕಮ್ಮಿ ಆಗ್ಯಾದ," ಅಂದರು.

ಅಮೃತವೂ ಅಲ್ಲ, ಗಿಮೃತವೂ ಅಲ್ಲ. ಉಪ್ಪು ಕಮ್ಮಿ. ನನಗೆ ಅವರ ಮೇಲೆ ಜೀವ ಹೋದದ್ದು ಅಲ್ಲಿ. ನನ್ನ ಅಡುಗೆಯನ್ನು ಅಡುಗೆಯ ಹಾಗೆ ಉಂಡರು, ನನ್ನ ಮೇಲೆ ಉಪಕಾರ ಮಾಡುವ ಹಾಗೆ ಉಣ್ಣಲಿಲ್ಲ. ಆ ದಿನದಿಂದ ಮೊದಲ ತಟ್ಟೆ ಅಕ್ಕೋರದು. ದಿನಾ ಉಣ್ಣುವುದು, ದಿನಾ ಒಂದು ಹೆಸರಿಡುವುದು. ಬೇಳೆ ಬೆಂದಿಲ್ಲ, ಖಾರ ಮುಂದಾಗಿದೆ, ಉಪ್ಪಿಟ್ಟು ಗೋಡೆಗೆ ಹಚ್ಚಬಹುದು. ಡಬ್ಬಿಗಳು ತಾವೇ ನಿಂತವು. ನುಡಿನಮನದಲ್ಲಿ ಇಷ್ಟು ಮಾತಾಡಿದರು, ಉಪ್ಪಿನ ಮಾತು ಒಬ್ಬರೂ ಎತ್ತಲಿಲ್ಲ.

ನನಗೆ ಅಕ್ಷರ ಹಚ್ಚಿದವರೂ ಅವರೇ. ಪಗಾರಕ್ಕೆ ಹೆಬ್ಬೆಟ್ಟು ಒತ್ತುವುದನ್ನು ನೋಡಿ, "ಥೂ, ನಾಚಿಕಿ ಆಗೂದಿಲ್ಲೇನು," ಅಂದರು. ಮರುದಿನದಿಂದ ಒಂದು ಪದ್ಧತಿ ಮಾಡಿದರು. ಅಡುಗೆ ಕೋಣೆಯ ಗೋಡೆಯ ಮೇಲೆ ನಾನು ಇದ್ದಿಲಿನಿಂದ ಒಂದು ಶಬ್ದ ಬರೆಯಬೇಕು. ಬರೆಯುವ ತನಕ ಅವರು ತಟ್ಟೆ ಮುಟ್ಟುವುದಿಲ್ಲ. ಮೊದಲ ತಟ್ಟೆ ಆಗದೆ ಮಕ್ಕಳಿಗೆ ಬಡಿಸುವ ಹಾಗಿಲ್ಲ. ಹೊರಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದವು, ಒಳಗೆ ನಾನು ಬೆವರುತ್ತಿದ್ದೆ.

"ಅಕ್ಕೋರ, ಮಕ್ಕಳ್ ಹಸ್ದಾವ್ರಿ. ಇವತ್ತೊಂದ್ ದಿನ ಬಿಡ್ರಿ."

"ಮಕ್ಕಳ ಹಸಿವಿ ನಿನ್ನ ಕೈಯಾಗ ಅದ. ಬರಿ."

ಅಕ್ಕಿ ಬರೆದೆ. ಬೇಳೆ ಬರೆದೆ. ಹುಮನಾಬಾದ, ಕಲಬುರಗಿ, ಹುಬ್ಬಳ್ಳಿ ಬರೆದೆ. ಬಸ್ಸಿನ ಬೋರ್ಡು ಓದಲು ಬಂದರೆ ಯಾರ ಕಾಲೂ ಹಿಡಿಯುವುದು ಬೇಡ ಎನ್ನುತ್ತಿದ್ದರು. ನನಗೆ ಅವರು ನೀವು, ಅವರಿಗೆ ನಾನು ನೀನು. ವಯಸ್ಸಿನಲ್ಲಿ ನಾನೇ ದೊಡ್ಡವಳು. ಆ ನೀನು ಎಂದೂ ನೀವು ಆಗಲಿಲ್ಲ, ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಈಗ ಜೋಗದ ಮಾತು. ನಾಲ್ಕನೆಯ ತರಗತಿಯಲ್ಲಿ ಜಲಪಾತದ ಪಾಠ ಹೇಳುತ್ತಿದ್ದರು. ನನ್ನ ಅಡುಗೆ ಕೋಣೆಗೂ ಆ ತರಗತಿಗೂ ನಡುವೆ ಒಂದೇ ಗೋಡೆ, ಎಲ್ಲ ಕೇಳಿಸುತ್ತಿತ್ತು. ಒಂದು ಹುಡುಗಿ ಎದ್ದು, "ಅಕ್ಕೋರ, ನೀವ್ ನೋಡೀರೇನ್ರಿ ಜೋಗ?" ಎಂದು ಕೇಳಿತು. ಅಕ್ಕೋರು, "ನೋಡೀನಿ, ಕೂಡು," ಅಂದರು. ಊಟದ ಹೊತ್ತಿಗೆ ಬಂದವರು ತಟ್ಟೆ ಮುಂದಿಟ್ಟುಕೊಂಡು ಅನ್ನ ಕಲಸುತ್ತ ಕೂತರು. ಉಪ್ಪಿನ ಮಾತೂ ಇಲ್ಲ.

"ಸುಳ್ಳ ಹೇಳ್ದೆ," ಅಂದರು. "ಇಷ್ಟು ವರ್ಷ ಆ ಪಾಠ ಹೇಳೀನಿ. ಕಣ್ಣಲೆ ಒಂದ್ ಹನಿ ನೋಡಿಲ್ಲ."

"ಹೋಗಿ ನೋಡ್ಕೊಂಡ್ ಬರ್ರಿ. ಸುಳ್ಳು ಖರೆ ಆಗ್ತದ."

ನಾನು ಹೇಳಿದ್ದು ಚೇಷ್ಟೆಗೆ. ಅವರು ಹಿಡಿದುಕೊಂಡರು. ದಸರಾ ರಜೆಯಲ್ಲಿ ಐದಾರು ದಿನ, ಜೋಗ ಒಂದೇ ಅಲ್ಲ, ದಾರಿಯಲ್ಲಿ ಬರುವ ಎಲ್ಲ ಜಲಪಾತ ನೋಡುವುದು ಎಂದು ಹಟ ಹಿಡಿದರು. ಅವರ ನಾದಿನಿ ಹುಮನಾಬಾದದವರು. ಆ ನಾದಿನಿಯ ಮಗನದು ಒಂದು ಕ್ರೂಸರ್ ಗಾಡಿ ಇತ್ತು. ಗಾಡಿ ನಡೆಸುವವನು ಅವನು, ಹೋಗುವವರು ನಾದಿನಿ, ಅವರ ಓಣಿಯ ಇಬ್ಬರು ಹೆಂಗಸರು, ಅಕ್ಕೋರು, ನಾನು.

"ನಾ ಯಾಕ್ರಿ?"

"ಮತ್ತ ಖರೆ ಮಾಡಂತ ಹೇಳಿದಾಕಿ ಯಾರು?"

ಒಂದು ಕರಾರು ಹಾಕಿದರು. ಈ ಪ್ರವಾಸದಲ್ಲಿ ದೇವರು ಇರಬಾರದು. ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಹೆಣ್ಣುಮಗಳು ಅದನ್ನು ಹೇಳಿದ್ದು ಕೇಳಿ ನನಗೆ ನಗು ಬಂತು.

"ನಗಬ್ಯಾಡ. ನಾವ್ ಹೆಣ್ಮಕ್ಕಳು ದೇವರ ಹೆಸರ ಹೇಳ್ದೆ ಹೊಸಲಿ ದಾಟೀವೇನು? ಮಕ್ಕಳಾಗ್ಲಿ ಅಂತ ಒಂದ್ ಗುಡಿ, ಆದ ಮ್ಯಾಲ ಜವಳಕ್ಕ ಒಂದ್ ಗುಡಿ, ಗಂಡಗ ಜಡ್ಡಾದ್ರ ಒಂದ್ ಗುಡಿ. ಗಂಡಸರು ಗೋವಾಕ್ಕ ಹೋಗ್ತಾರ. ಅಲ್ಲಿ ಅವ್ರ ಯಾ ಮನಿದೇವರ ಕುಂತಾನ? ಇದೊಂದ್ ಸಲ ನಾ ಬರೀ ನೀರ್ ನೋಡಾಕ ಹೋಗ್ತೀನಿ. ಕೈ ಮುಗಿಯೂದಿಲ್ಲ, ಬೇಡ್ಕೊಳ್ಳೂದಿಲ್ಲ. ನೋಡಿ ಬರ್ತೀನಿ."

ಆ ಮಾತು ನನ್ನ ಎದೆಗೆ ಹತ್ತಿತು. ದೇವರಿಲ್ಲದ ಕಡೆ ಹೋಗುವುದೆಂದರೆ ನನ್ನಂಥವಳನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ನೀರಿನ ಮುಂದೆ ಎಲ್ಲರೂ ನಿಂತೇ ನೋಡುವುದು. ನಾನು ಆ ದಿನವೇ ಹೂಂ ಅಂದೆ. ಕಲ್ಯಾಣದ ಆಚೆ ನಾನು ದೂರ ಹೋದದ್ದೆಂದರೆ ಕಬ್ಬು ಕಡಿಯಲು. ನೋಡಲೆಂದು ಎಲ್ಲಿಗೂ ಹೋದವಳಲ್ಲ.

ದಿನಾ ಊಟದ ಹೊತ್ತಿಗೆ ಅಡುಗೆ ಕಟ್ಟೆಯ ಮೇಲೆ ದಾರಿ ಹಾಕುತ್ತಿದ್ದರು. ಅಕ್ಕಿ ಕಾಳೆಂದರೆ ಊರು, ತೊಗರಿ ಕಾಳೆಂದರೆ ನೀರು. ಹುಮನಾಬಾದದಿಂದ ಅಕ್ಕಿ ಕಾಳು ಇಳಿಯುತ್ತ ಬರುತ್ತಿತ್ತು, ನಡುನಡುವೆ ತೊಗರಿ. ಇದು ಗೋಕಾಕ, ಇದು ಮಾಗೋಡ, ಇದು ಸಾತೊಡ್ಡಿ, ಇದು ಉಂಚಳ್ಳಿ, ಕೊನೆಗೆ ಜೋಗಕ್ಕೆ ನಾಲ್ಕು ತೊಗರಿ ಸಾಲಾಗಿ. ಅಕ್ಕೋರು ಸೌಟು ತೋರಿಸಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಹುಬ್ಬಳ್ಳಿ, ಯಲ್ಲಾಪುರ, ಸಿರ್ಸಿ, ಸಿದ್ದಾಪುರ. ಬಾಯಿಪಾಠ ಆಯಿತು. ತಪ್ಪಿದರೆ ಸೌಟು ನನ್ನ ಮೊಣಕೈಗೆ.

ಆಮೇಲೆ ಶೇಂಗಾ ಬಂತು.

ಒಂದು ದಿನ ಅಕ್ಕೋರು ಕೂತವರೇ ದಾರಿಯ ನಡುವೆ ಒಂದು ಶೇಂಗಾ ಬೀಜ ಇಟ್ಟು ಗೋಕಾಕದ ತೊಗರಿ ತೆಗೆದರು.

"ಇದೇನ್ರಿ?"

"ನಮ್ಮ ಯಜಮಾನರು. ಬರೀ ನೀರ್ ನೋಡಾಕ ಹೊಂಟೀನಿ ಅಂದ್ರ ಅಂಗಡ್ಯಾಗ ಮಂದಿ ನಗ್ತಾರಂತ. ಹಾದಿ ಮ್ಯಾಗ ಮನಿದೇವರಿಗಿ ಒಂದ್ ಕಾಯಿ ಒಡಸ್ಕೊಂಡ್ ಹೋಗಂತಾರ."

"ಒಂದೇ ಅಲ್ರಿ. ಹೋಗ್ಲಿ ಬಿಡ್ರಿ."

ಮರುದಿನ ಇನ್ನೊಂದು ಶೇಂಗಾ. ನಾದಿನಿಯ ಮೊಮ್ಮಗನಿಗೆ ಮಾತು ತಡವಾಗಿ ಬಂದಿತ್ತಂತೆ, ಅದರ ಹರಕೆ ಉಳಿದಿದೆ. ಮಾಗೋಡ ಹೋಯಿತು. ನಾದಿನಿಯ ಓಣಿಯ ಹೆಂಗಸಿಗೆ ಮೊಣಕಾಲು ನೋವು ಬಿಟ್ಟದ್ದು ಒಂದು ಗದ್ದುಗೆಯಿಂದ, ಅಲ್ಲಿಗೆ ಹೋಗದೆ ಆ ದಾರಿ ಹಿಡಿದರೆ ನೋವು ತಿರುಗಿ ಬರುತ್ತದೆ. ಸಾತೊಡ್ಡಿ ಹೋಯಿತು. ಗಾಡಿಯ ಹುಡುಗನಿಗೆ ಗಾಡಿ ತೆಗೆದುಕೊಂಡಾಗಿನಿಂದ ಒಂದು ಗುಡ್ಡದ ದೇವರ ಪೂಜೆ ಬಾಕಿ. ಉಂಚಳ್ಳಿ ಹೋಯಿತು. ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಹೋಗಿ ಬರ್ರಿ ಎಂದೇ ಹೇಳುತ್ತಿದ್ದರು. ಹೇಳಿ ಒಂದು ಶೇಂಗಾ ಕೊಡುತ್ತಿದ್ದರು. ಬೇಡ ಎಂದವನ ಜೊತೆ ಜಗಳ ಆಡಬಹುದು. ದೇವರ ಹೆಸರು ಹೇಳಿ ಕೈ ಮುಗಿದವನ ಜೊತೆ ಏನು ಆಡುತ್ತೀರಿ?

ಒಮ್ಮೆ ಸಿಟ್ಟಿಗೆ ನಾನು ಕಟ್ಟೆಯ ಮೇಲಿನ ಒಂದು ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡೆ.

"ಅಕ್ಕೋರ, ಒಂದ್ ಗುಡಿ ಕಮ್ಮಿ ಆಯ್ತ್ರಿ."

ಅಕ್ಕೋರು ನಕ್ಕರು. ಅವರು ಹಲ್ಲು ಕಾಣುವ ಹಾಗೆ ನಗುವುದು ಅಪರೂಪ, ಕೈ ಅಡ್ಡ ಹಿಡಿಯುತ್ತಿದ್ದರು. ಆ ದಿನ ಹಿಡಿಯಲಿಲ್ಲ. ತಾವೂ ಒಂದು ಎತ್ತಿ ತಿಂದು, "ಇದು ನಾದಿನಿ ಹರಕಿ. ಜರಾ ಕಹಿ ಅದ," ಅಂದರು. ಮಾರನೆಯ ದಿನ ಮನೆಯಿಂದ ಬರುವಾಗ ಮತ್ತೆ ಅಷ್ಟೇ ಶೇಂಗಾ ತಂದಿದ್ದರು. ತೊಗರಿಯಲ್ಲಿ ಜೋಗದ ನಾಲ್ಕು ಕಾಳು ಮಾತ್ರ ಉಳಿದವು.

ಆ ಹೆಣ್ಣುಮಗಳು ಶಾಲೆಯ ಗೇಟಿನಲ್ಲಿ ನಿಂತು ಊರನ್ನೇ ಹೆದರಿಸುತ್ತಿದ್ದಳು. ಮನೆಯ ಹೊಸಲಿನೊಳಗೆ ಅವಳ ದನಿ ಎಲ್ಲಿ ಹೋಗುತ್ತಿತ್ತೋ ನನಗೆ ತಿಳಿಯದು. ನೋಡಿ, ಸಿಟ್ಟಿನಲ್ಲಿ ಅವಳು ಎಂದು ಬರೆದೆ. ಇರಲಿ, ಒಂದು ಸಲ ಇರಲಿ.

ರಜೆ ಮುಗಿದ ಮೇಲೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅದು ಅವರ ಲೆಕ್ಕಕ್ಕೆ ಸೇರಬೇಕಾದದ್ದು. ನನ್ನ ಸಿಟ್ಟಿನ ಕಾರಣ ಆಮೇಲೆ ಹೇಳುತ್ತೇನೆ, ಇಲ್ಲದಿದ್ದರೆ ಇದನ್ನು ಬರೆಯಲು ಕೈ ಬರುವುದಿಲ್ಲ.

ಅಕ್ಕೋರು ನಾನಿಲ್ಲದೆ ಕ್ರೂಸರಿನಲ್ಲಿ ಹೋಗಿ ಬಂದಿದ್ದರು. ಚೀಲದ ತುಂಬ ಪ್ರಸಾದ, ಮುಖದ ತುಂಬ ಬಿಸಿಲು. ಗುಡಿಯ ಪಾಳಿಗಳಲ್ಲಿ ದಿನ ಕಳೆದು, ಹಬ್ಬಕ್ಕೆ ಮನೆ ಮುಟ್ಟಬೇಕೆಂದು ಎಲ್ಲರೂ ಅವಸರ ಮಾಡಿ, ಜೋಗದ ದಾರಿ ಹಿಡಿಯದೆ ಹುಬ್ಬಳ್ಳಿಯಿಂದಲೇ ತಿರುಗಿದ್ದರು. ಇಳಿದುಕೊಂಡ ಕಡೆಯ ನಲ್ಲಿಯ ನೀರು ಬಿಟ್ಟರೆ ಬೇರೆ ನೀರು ಬೀಳುವುದನ್ನು ಅವರು ನೋಡಲಿಲ್ಲ. ಶಾಲೆ ಸುರುವಾದ ದಿನ ನಾನು ಮೊದಲ ತಟ್ಟೆ ಇಟ್ಟೆ. ಮಾತಾಡಲಿಲ್ಲ.

"ರಜಾದಾಗ ಏನ್ ಮಾಡ್ದಿ?" ಅಂದರು.

"ಜೋಗಕ್ಕ ಹೋಗಿದ್ದೆ."

"ಯಾರ ಜೋಡಿ?"

"ನನ್ನ ಜೋಡಿ."

ತುತ್ತು ಕೈಯಲ್ಲೇ ಉಳಿಯಿತು. "ಹ್ಯಾಂಗಿತ್ತು?"

"ನೀರ್ ಬೀಳಾಕತ್ತಿತ್ರಿ," ಅಂದೆ. ಅಷ್ಟೇ ಅಂದೆ. ಹೆಚ್ಚಿಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಅವರು ಉಂಡು ಕೈ ತೊಳೆದುಕೊಂಡು, ಮಕ್ಕಳ ಊಟ ಆದ ಮೇಲೆ ನನ್ನ ರಟ್ಟೆ ಹಿಡಿದು ನಾಲ್ಕನೆಯ ತರಗತಿಗೆ ಕರೆದುಕೊಂಡು ಹೋದರು. ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ಮಕ್ಕಳ ಮುಂದೆ ನಿಲ್ಲಿಸಿ, ತಾವು ಹಿಂದಿನ ಬೆಂಚಿನಲ್ಲಿ ಕೂತರು. "ಈಕಿ ಜೋಗ ನೋಡ್ಕೊಂಡ್ ಬಂದಾಳ. ಕೇಳ್ರಿ."

ನನಗೇನು ಹೇಳಲು ಬರುತ್ತದೆ? ನೀರು ಮೇಲಿಂದ ಬೀಳುತ್ತದೆ, ಕೆಳಗೆ ಮುಟ್ಟುವುದು ಕಾಣುವುದಿಲ್ಲ, ಹೊಗೆಯ ಹಾಗೆ ಏಳುತ್ತದೆ, ಬೀಳುವಾಗ ಕಲ್ಲನ್ನೂ ಕೇಳುವುದಿಲ್ಲ ನಮ್ಮನ್ನೂ ಕೇಳುವುದಿಲ್ಲ, ದೂರ ನಿಂತವರ ಮುಖವೂ ಒದ್ದೆ, ಎಂದೆ. ನಾಲ್ಕು ಕಡೆ ಬೀಳುತ್ತದೆ, ರಾಜಾ ಯಾವುದು ರಾಣಿ ಯಾವುದು ನನಗೆ ತಿಳಿಯಲಿಲ್ಲ, ಎಂದೆ. ಎಷ್ಟು ಎತ್ತರ ಎಂದು ಒಂದು ಹುಡುಗ ಕೇಳಿದ. ನಮ್ಮೂರ ಬೇವಿನ ಮರದ ಮೇಲೆ ಬೇವಿನ ಮರ ಇಟ್ಟುಕೊಂಡು ಹೋಗು, ಸಾಕೆನಿಸುವ ತನಕ, ಎಂದೆ. ಅಕ್ಕೋರು ಹಿಂದಿನಿಂದ, "ಬೇವಿನ ಮರ ಅಲ್ಲ, ಪುಸ್ತಕದಾಗ ಅಡಿ ಅದಾವ, ನೋಡ್ಕೊಳ್ರಿ," ಎಂದು ತಿದ್ದಿದರು. ನೋಡಿ ಬಂದವಳನ್ನು ನೋಡದವರು ತಿದ್ದಿದರು.

ಆಗ ಅದೇ ಹುಡುಗಿ ಹಿಂದೆ ತಿರುಗಿ ಕೇಳಿತು. "ಅಕ್ಕೋರ, ನೀವ್ ನೋಡಿದಾಗೂ ಹಿಂಗೇ ಇತ್ತೇನ್ರಿ?"

ಅಕ್ಕೋರು ಎದ್ದು ನಿಂತರು. ಪಾಠ ಒಪ್ಪಿಸುವ ಮಕ್ಕಳ ಹಾಗೆ ಕೈ ಕಟ್ಟಿಕೊಂಡು ನಿಂತರು.

"ನಾ ನೋಡಿಲ್ಲವಾ. ಅವತ್ತ ಸುಳ್ಳ ಹೇಳಿದ್ದೆ."

ಒಂದು ಮಗುವೂ ನಗಲಿಲ್ಲ. ನಾನು ಸೌಟು ಹಿಡಿದುಕೊಂಡು ಹೊರಗೆ ಬಂದೆ. ಮಾಸ್ತರರ ಜಾತಿಯಲ್ಲಿ ಮಕ್ಕಳ ಮುಂದೆ ಸುಳ್ಳು ಒಪ್ಪಿಕೊಂಡವರನ್ನು ನಾನು ಬೇರೆ ಯಾರನ್ನೂ ನೋಡಿಲ್ಲ. ಆ ಮಕ್ಕಳು ಈಗ ದೊಡ್ಡ ಶಾಲೆಗೆ ಹೋಗಿವೆ. ನುಡಿನಮನಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ. ಇದು ನೀವು ಕೇಳಿದ ಛಲೋ ಮಾತು, ಪುಸ್ತಕದಲ್ಲಿ ಹಾಕಿಕೊಳ್ಳಿ.

ಮುಂದಿನ ವರ್ಷ ಅವರು ರಿಟೈರ್ ಆದರು, ಆದ ಕೂಡಲೇ ಜಡ್ಡು ಬಿದ್ದರು. ಒಮ್ಮೆ ಕಲ್ಯಾಣಕ್ಕೆ ಹೋಗಿ ನೋಡಿಕೊಂಡು ಬಂದೆ. ಮಂಚದ ಮೇಲೆ ಇಷ್ಟೇ ಆಗಿದ್ದರು. ಸೊಸೆ ಚಹಾ ತಂದಳು. ಅತ್ತೆಗೆ, ಇನ್ನೊಬ್ಬ ನೆಂಟರಿಗೆ ಸ್ಟೀಲಿನ ಗ್ಲಾಸು, ನನಗೆ ಕಾಗದದ ಕಪ್ಪು. ಅಕ್ಕೋರು ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ನಾನು ನೋಡುತ್ತಿದ್ದೇನೆ ಎಂಬುದನ್ನೂ ನೋಡಿದರು. ಏನಾದರೂ ಹೇಳುತ್ತಾರೆಂದು ಕಾದೆ.

"ಚಾಕ್ಕ ಸಕ್ಕರಿ ಕಮ್ಮಿ ಅದ," ಎಂದು ಸೊಸೆಗೆ ಗಟ್ಟಿಯಾಗಿ ಬೈದರು. "ಎಷ್ಟ್ ಸಲ ಹೇಳಬೇಕು ನಿನಗ."

ಸಕ್ಕರೆ ಬರೋಬರ್ ಇತ್ತು. ಆ ಮನೆಯಲ್ಲಿ ಅವರಿಗೆ ಆಗುತ್ತಿದ್ದದ್ದು ಅಷ್ಟೇ. ಚಹಾ ಮುಗಿಸಿ ಕಪ್ಪನ್ನು ಮುದುಡಿ ಅವರ ದಿಂಬಿನ ಬದಿಗೆ ಇಟ್ಟು ಎದ್ದು ಬಂದೆ. ಅದೇ ಕೊನೆಯ ಭೇಟಿ.

ಈಗ ಸಿಟ್ಟಿನ ಕಾರಣ. ರಜೆಗೆ ಶಾಲೆ ಮುಚ್ಚುವ ದಿನ, ಮಕ್ಕಳು ಮನೆಗೆ ಹೋಗಿದ್ದವು. ನಾನು ದೊಡ್ಡ ಪಾತೇಲಿ ತಿಕ್ಕುತ್ತಿದ್ದೆ. ಎರಡು ದಿನದಿಂದ ಕೂತು ಪ್ರವಾಸಕ್ಕೆ ಖಡಕ್ ರೊಟ್ಟಿ ಮಾಡಿಟ್ಟಿದ್ದೆ, ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದೆ. ಅಕ್ಕೋರು ಬಂದು ಬಾಗಿಲು ಅರ್ಧ ಮುಚ್ಚಿದರು. ಅಡುಗೆ ಕೋಣೆಯ ಬಾಗಿಲನ್ನು ಅವರು ಎಂದೂ ಮುಚ್ಚಿದವರಲ್ಲ.

"ಕೈ ತೊಳ್ಕೊಂಡ್ ಜರಾ ಕೂಡು. ನಾಳಿ ಮುಂಜಾನಿ ಗಾಡಿ ಹುಮನಾಬಾದಿಂದ ಬಿಡ್ತದ."

"ಗೊತ್ತದ್ರಿ. ರೊಟ್ಟಿ ಎಲ್ಲಾ ಕಟ್ಟಿಟ್ಟೀನಿ."

"ರೊಟ್ಟಿ ಬ್ಯಾಡ ಅಂತಾಳ ನಾದಿನಿ. ಆಕಿ ಮನ್ಯಾಗೇ ಆಗ್ಯಾವಂತ."

"ಅವ್ರವು ಅವ್ರು ತಿನ್ಲಿ. ನನ್ನವು ನಾ ತಿಂತೀನಿ."

ಅಕ್ಕೋರು ಕಟ್ಟೆಯ ಮೇಲಿನ ನಾಲ್ಕು ತೊಗರಿ ಕಾಳನ್ನು ಬೆರಳಿನಿಂದ ಸಾಲು ಮಾಡಿದರು. ಆಮೇಲೆ ಕಪ್ಪು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ವಿಭೂತಿ ಗಟ್ಟಿ.

"ಎರಡ್ ಕಡೆ ಇಳಿಯೂದು ಅದ. ನಮ್ಮ ಮಂದಿ ನಡೆಸೂ ಜಾಗ. ಊಟಕ್ಕ ಪಂಕ್ತಿಗಿ ಕೂಡಬೇಕಾಗ್ತದ. ಆಕಿ ಬರ್ಲಿ, ಆದ್ರ ಹಣಿ ಖಾಲಿ ಕಾಣಬಾರದು, ಮಂದಿ ಕೇಳ್ತಾರ ಅಂತಾಳ ನಾದಿನಿ. ಮುಂಜಾನಿ ಜಳಕಾ ಮಾಡಿ ಇದನ್ನ ಹಚ್ಕೊಂಡ್ ಬಾ. ಯಾರಾದ್ರೂ ಹೆಸರ್ ಕೇಳಿದ್ರ ಗಂಗಮ್ಮ ಅನ್ನು. ಹೆಚ್ಚಿಗಿ ಮಾತಾಡಬ್ಯಾಡ. ಎರಡೇ ದಿನ. ಆಮ್ಯಾಲ ಬರೀ ನೀರು."

ನಾನು ಕೈಯಲ್ಲಿದ್ದ ನಾರು ಕೆಳಗಿಟ್ಟೆ.

"ಅಕ್ಕೋರ, ಇಷ್ಟು ವರ್ಷ ನನ್ನ ಕೈದು ಉಂಡ್ರಲ್ಲ. ಆವಾಗ ಈ ಹಣಿ ಎಲ್ಲಿತ್ರಿ?"

"ಶಾಲಿ ಬ್ಯಾರೆ, ಮನಿ ಬ್ಯಾರೆ."

"ಹ್ಯಾಂಗ್ ಬ್ಯಾರೆ? ನಾ ಒಬ್ಬಾಕಿನೇ ಅಲ್ರಿ?"

"ಶಾಲ್ಯಾಗ ನನ್ನ ಹಿಂದ ಸರ್ಕಾರ ಇತ್ತು. ಗಾಡ್ಯಾಗ ನನ್ನ ಹಿಂದ ಯಾರಿದಾರ?"

"ನಾ ಇದ್ದೆನಲ್ರಿ."

ನಾವು ಶರಣರ ಊರಿನವರು, ಎಲ್ಲರೂ ಒಂದೇ ಎಂದು ಭಾಷಣದ ದಿನ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವರು ಇವರೇ. ಗೋಡೆಯಾಚೆಯಿಂದ ಕೇಳಿ ಕೇಳಿ ಆ ಭಾಷಣ ನನಗೂ ಬರುತ್ತಿತ್ತು.

"ನನ್ನ ಮಾತು ತಿಳ್ಕೊ," ಅಂದರು. ದನಿ ಸಣ್ಣದಾಗಿತ್ತು. "ಹಿಂಗ್ ಹೋಗ್ಲಿಲ್ಲಂದ್ರ ಇನ್ನ ಹೋಗೂದೇ ಇಲ್ಲ. ಆ ಹುಡುಗಿ ಮುಂದ ನಾ ಮುಖ ಹ್ಯಾಂಗ್ ತೋರಿಸ್ಲಿ? ನಿನಗ ನೀರ್ ಬೇಕೋ, ಹಣಿ ಬೇಕೋ?"

"ಎರಡೂ ಬೇಕ್ರಿ."

"ಎರಡೂ ಸಿಗೂದಿಲ್ಲವಾ."

"ಹಂಗಂತ ನಿಮಗ್ ಯಾರ್ ಹೇಳ್ಯಾರ?"

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಛಲೋ ಇತ್ತು. ಎದ್ದು, ಸೆರಗು ಕೊಡವಿಕೊಂಡು, "ಹಂಗಾದ್ರ ಬರಬ್ಯಾಡ," ಎಂದು ಹೇಳಿ ಹೋದರು. ವಿಭೂತಿ ಕಟ್ಟೆಯ ಮೇಲೇ ಉಳಿಯಿತು. ನಾನು ಮುಟ್ಟಲಿಲ್ಲ, ಬಿಸಾಕಲೂ ಇಲ್ಲ. ಅದು ಅವರ ದೇವರು, ಅದರ ಮೇಲೆ ನನಗೆ ಸಿಟ್ಟಿರಲಿಲ್ಲ.

ಅವರ ಕಷ್ಟ ನನಗೆ ತಿಳಿಯಲಿಲ್ಲ ಎಂದಲ್ಲ. ತಿಳಿಯಿತು. ತಿಳಿದ ಕೂಡಲೇ ಸಿಟ್ಟು ಹೋಗಬೇಕೆಂದು ಎಲ್ಲಿ ಬರೆದಿದೆ? ಅಡ್ಡಗೋಡೆಯನ್ನು ತಾವೇ ಕೆಡವಿದವರು ತಾವೇ ಬಂದು ಕಟ್ಟಿದರೆ ಅದು ಮೊದಲಿಗಿಂತ ಎತ್ತರ ಕಾಣುತ್ತದೆ. ಡಬ್ಬಿ ತಂದ ಮಕ್ಕಳ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅವರು ನನ್ನ ಉಪ್ಪಿಗೆ ಹೆಸರಿಟ್ಟವರಲ್ಲ.

ಕಟ್ಟೆಯ ಮೇಲಿನ ಶೇಂಗಾ ಎಲ್ಲ ಬಾಚಿ ತಿಂದೆ. ತೊಗರಿ ಕಾಳು ನಾಲ್ಕನ್ನೂ ಸೆರಗಿನ ತುದಿಗೆ ಕಟ್ಟಿಕೊಂಡೆ. ಬಾಗಿಲಿಗೆ ಬೀಗ ಹಾಕಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಎದ್ದು ಜಳಕ ಮಾಡಿದೆ. ರೊಟ್ಟಿಯ ಗಂಟು ತೆಗೆದುಕೊಂಡೆ. ಸೊಸೆ ಬಾಗಿಲಲ್ಲಿ ನಿಂತು, "ಅತ್ತಿ, ಅಕ್ಕೋರ ಗಾಡಿ ಬರ್ತದೇನು?" ಅಂದಳು. "ಬರೂದಿಲ್ಲ," ಅಂದೆ. "ಮತ್ತ ಎಲ್ಲಿಗಿ?" "ನೀರ್ ನೋಡಾಕ." ಮೊದಲ ಬಸ್ಸಿಗೆ ಹುಮನಾಬಾದಕ್ಕೆ ಬಂದೆ. ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳಲಿಲ್ಲ. ಒಂದೊಂದು ಬಸ್ಸಿನ ಮುಂದೆ ಹೋಗಿ ನಿಂತು ಬೋರ್ಡು ಓದಿದೆ. ಬೀದರ ಓದಿದೆ, ಬಿಟ್ಟೆ. ಕಲಬುರಗಿ ಓದಿದೆ, ಬಿಟ್ಟೆ. ಹುಬ್ಬಳ್ಳಿಯ ಒತ್ತಕ್ಷರ ಎರಡು ಸಲ ಓದಿ ಖಾತ್ರಿ ಮಾಡಿಕೊಂಡು ಹತ್ತಿದೆ. ಕಿಟಕಿಯ ಬದಿ ಕೂತು ಗಂಟು ತೊಡೆಯ ಮೇಲಿಟ್ಟುಕೊಂಡೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಆಧಾರ್ ತೋರಿಸಬೇಕು. ಕಂಡಕ್ಟರ್ ಬಂದ, ಕಾರ್ಡು ಕೊಟ್ಟೆ. ಅವನು ಹೆಸರು ಗಟ್ಟಿಯಾಗಿ ಓದಿ, ಫೋಟೋ ನೋಡಿ, ನನ್ನ ಮುಖ ನೋಡಿದ.

"ಇದು ನೀವೇ ಏನ್ರಿ?"

ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿ, ಹಣೆ ಪೂರಾ ಕಾಣುವ ಹಾಗೆ ಅವನ ಕಡೆ ತಿರುಗಿದೆ.

"ನಾನೇರಿ," ಅಂದೆ.